ನಾಯಿಗೆ ಗೊತ್ತಾಗುತ್ತೆ ಬಿಡಿ!

ಎರಡು ವರ್ಷದ ಹಿಂದಿನ ಮೇ ತಿಂಗಳು. ಹಿತ್ತಿಲಲ್ಲಿ ಕೂತು ರಸಪುರಿ ಹಣ್ಣು ಚೀಪಿ, ವಾಟೆಗಳನ್ನು ಬಾಳೆಬುಡಕ್ಕೆ ಎಸೆದಿದ್ದೆವು. ಅದರಲ್ಲೊಂದನ್ನು ನಮ್ಮ ನಾಯಿ ಕೆಂಚ ಎತ್ತಿಕೊಂಡು ಹೋಗಿ ಮುಂಗಾಲುಗಳ ನಡುವೆ ಇಟ್ಟುಕೊಂಡು ನೆಕ್ಕುತ್ತಿದ್ದ. ಕಿತ್ತುಕೊಳ್ಳಲು ಎದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಹಿರಿಯರು, “ನಾಯಿಗೆ ಗೊತ್ತಾಗುತ್ತೆ ಬಿಡಿ, ಚೀಪಿ ಬಿಸಾಕುತ್ತೆ” ಅಂದರು. ನಾನೂ ಸುಮ್ಮನೆ ಕೂತೆ. ಮರುದಿನ ಸಂಜೆ ವಾಂತಿ ಶುರುವಾಯಿತು. ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೆಯ ದಿನ ಪಶುವೈದ್ಯರು ಹೊಟ್ಟೆ ಕೊಯ್ದು, ಸಣ್ಣ ಕರುಳಿಗೆ ಬಿರಡೆ ಹಾಕಿದಂತೆ ಕೂತಿದ್ದ ವಾಟೆಯನ್ನು ತೆಗೆದು ಸ್ಟೀಲ್ ಟ್ರೇಯಲ್ಲಿಟ್ಟು ತೋರಿಸಿದರು. ಅದರ ಮೇಲೆ ಒಂದೇ ಒಂದು ಹಲ್ಲಿನ ಗುರುತಿರಲಿಲ್ಲ.

ಅಂದರೆ ಅವನು ಅದನ್ನು ಅಗಿದೇ ಇರಲಿಲ್ಲ. ನೆಕ್ಕಿ ನೆಕ್ಕಿ ಕೊನೆಗೆ ಇಡಿಯಾಗಿ ನುಂಗಿದ್ದ. ನಾಯಿಯ ದವಡೆಯ ರಚನೆಯೇ ಹಾಗಿದೆ. ಹಸು ಮೆಲುಕು ಹಾಕುವುದನ್ನು ಗಮನಿಸಿ, ಕೆಳದವಡೆ ಅಡ್ಡಡ್ಡ ತಿರುಗುತ್ತಿರುತ್ತದೆ. ನಾವು ಚಕ್ಕುಲಿ ತಿನ್ನುವಾಗಲೂ ಅಷ್ಟೇ. ನಾಯಿಯ ದವಡೆ ಕತ್ತರಿಯ ಹಾಗೆ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಹಿಡಿ, ಹರಿ, ಕತ್ತರಿಸು, ನುಂಗು, ಅದರ ಊಟದ ಕ್ರಮ ಇಷ್ಟೇ. ನುಣ್ಣಗೆ ಅರೆಯುವ ಕಸುಬು ಆ ಬಾಯಿಗೆ ಬರುವುದಿಲ್ಲ. ಗಂಟಲು ದಾಟುವಷ್ಟು ಚಿಕ್ಕದಾಯಿತೋ, ಒಳಗೆ ಹೋಯಿತು. ಆ ಗಂಟಲಿಗಿಂತ ಕರುಳಿನ ದಾರಿ ಕಿರಿದು ಎಂಬ ಲೆಕ್ಕವನ್ನು ನಾಯಿ ಹಾಕುವುದಿಲ್ಲ. ನಾಯಿಯ ಆಟಿಕೆ, ಅಗಿಯುವ ತಿನಿಸುಗಳ ಬಗ್ಗೆ ನಮ್ಮಲ್ಲಿ ಓಡಾಡುವ ತಪ್ಪು ಕಲ್ಪನೆಗಳೆಲ್ಲ ಬಹುಮಟ್ಟಿಗೆ ಈ “ಗೊತ್ತಾಗುತ್ತೆ ಬಿಡಿ” ಎಂಬ ಒಂದೇ ಮಾತಿನ ಮಕ್ಕಳು ಮೊಮ್ಮಕ್ಕಳು.

“ನಾಯಿಯ ಹಲ್ಲು ಕಬ್ಬಿಣ ಇದ್ದಂಗೆ”

ಇಲ್ಲ. ಮನುಷ್ಯರ ಹಲ್ಲಿನ ಎನಾಮಲ್ ಕೆಲವು ಕಡೆ ಎರಡು ಮಿಲಿಮೀಟರಿಗೂ ಹೆಚ್ಚು ದಪ್ಪ ಇರುತ್ತದೆ. ನಾಯಿಯದು ಒಂದು ಮಿಲಿಮೀಟರೂ ಇಲ್ಲ. ದವಡೆಯ ಬಲ ಜಾಸ್ತಿ, ಹಲ್ಲಿನ ಹೊದಿಕೆ ತೆಳು. ಹೀಗಿರುವಾಗ ಕಲ್ಲಿನಂಥ ವಸ್ತುವನ್ನು ಕಚ್ಚಿದರೆ ಸೋಲುವುದು ಹಲ್ಲೇ. ಬೆಳೆದ ನಾಯಿಯ ಬಾಯಲ್ಲಿ 42 ಹಲ್ಲುಗಳಿವೆ. ಗಟ್ಟಿ ವಸ್ತು ಅಗಿದು ಮುರಿಯುವುದು ಸಾಮಾನ್ಯವಾಗಿ ಮೇಲ್ದವಡೆಯ ದೊಡ್ಡ ಕತ್ತರಿ ಹಲ್ಲು, ಅಂದರೆ ಮುಂದವಡೆ ಹಲ್ಲುಗಳಲ್ಲಿ ನಾಲ್ಕನೆಯದು. ಕಲ್ಲಿನಿಂದ ಚಕ್ಕೆ ಎದ್ದಂತೆ ಅದರ ಹೊರಮೈ ಸೀಳಿ ಹೋಗುತ್ತದೆ. ಒಳಗಿನ ನರ ಬಯಲಾಗುತ್ತದೆ, ಬೇರಿಗೆ ಕೀವು ಇಳಿಯುತ್ತದೆ, ಒಂದು ದಿನ ಕಣ್ಣಿನ ಕೆಳಗೆ ಊತ ಕಾಣಿಸುತ್ತದೆ. ಮನೆಯವರು ಕಣಜ ಕಚ್ಚಿರಬೇಕು ಅಂದುಕೊಳ್ಳುತ್ತಾರೆ. ನಾಯಿ ಮಾತ್ರ ಅಷ್ಟು ನೋವಿನಲ್ಲೂ ಇನ್ನೊಂದು ಮಗ್ಗುಲಿನಿಂದ ಉಂಡುಕೊಂಡು ಓಡಾಡಿಕೊಂಡಿರುತ್ತದೆ.

ಇದಕ್ಕೆ ಪಶುವೈದ್ಯರು ಹೇಳಿಕೊಡುವ ಪರೀಕ್ಷೆ ಬಿಡಿಗಾಸಿನ ಖರ್ಚಿಲ್ಲದ್ದು. ಕೊಡಬೇಕೆಂದಿರುವ ವಸ್ತುವಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ. ಸ್ವಲ್ಪವಾದರೂ ಗೀರು ಬಿದ್ದರೆ, ತಗ್ಗಾದರೆ ಸರಿ. ಬೀಳಲಿಲ್ಲವೇ, ಹಲ್ಲಿಗೆ ಅದು ಹೆಚ್ಚು ಗಟ್ಟಿ. ಇನ್ನೊಂದು ಪರೀಕ್ಷೆ ಇನ್ನೂ ಒರಟು: ಅದರಿಂದ ನಿಮ್ಮ ಮಂಡಿಚಿಪ್ಪಿಗೆ ಬಡಿದುಕೊಳ್ಳಲು ಧೈರ್ಯ ಬರುತ್ತದೆಯೇ? ಬರದಿದ್ದರೆ ಕೊಡಬೇಡಿ.

“ನ್ಯಾಚುರಲ್ ಅಲ್ವಾ, ಏನೂ ಆಗಲ್ಲ”

ಈ ಉಗುರಿನ ಪರೀಕ್ಷೆಗೆ ಮೊದಲು ಬಲಿಯಾಗುವುದು ಅಂಗಡಿಯಲ್ಲಿ ‘ನೈಸರ್ಗಿಕ’ ಎಂಬ ಚೀಟಿ ಅಂಟಿಸಿಕೊಂಡು ಕೂತಿರುವ ಸರಕೇ. ಹಸುವಿನ ಗೊರಸು, ಒಣಗಿದ ಮೂಳೆ, ಜಿಂಕೆಯ ಕೊಂಬು. ನೈಸರ್ಗಿಕ ನಿಜ, ಹೆಬ್ಬಂಡೆಯೂ ನೈಸರ್ಗಿಕವೇ. ಕೊಂಬಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿದೇಶದ ವಿಡಿಯೊಗಳನ್ನು ನೋಡಿ, ಮಲೆನಾಡಿನ ತೋಟದಂಚಿನಲ್ಲಿ ಉದುರಿ ಬಿದ್ದ ಜಿಂಕೆ ಕೊಂಬನ್ನು ತಂದು ನಾಯಿಗೆ ಕೊಡಲು ಹೊರಡುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಂಥ ಕೊಂಬನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹುಲಿಯುಗುರಿನ ಪದಕ ಧರಿಸಿದವರ ಮೇಲೆ ಇದೇ ಕಾಯ್ದೆಯಡಿ ಕೇಸು ಬಿದ್ದ 2023ರ ಅಕ್ಟೋಬರಿನ ಗದ್ದಲ ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಈಚೆಗೆ ಎಲ್ಲ ಕಡೆ ಸಿಗುವ ಚುರ್ಪಿಯದು ಬೇರೆ ಕತೆ. ಇದು ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಬೆಟ್ಟದ ಜನ ತಾವೇ ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಚಪ್ಪರಿಸುವ ಗಟ್ಟಿ ಚೀಸ್; ಯಾಕ್ ಮತ್ತು ಹಸುವಿನ ಹಾಲಿನದು. ಹಾಲಿನದಾದ್ದರಿಂದ ಹೊಟ್ಟೆಗೆ ಹೋದರೆ ಕರಗುತ್ತದೆ, ಅದು ಅದರ ಗುಣ. ಆದರೆ ಕೆಲವು ತುಂಡುಗಳು ಇಟ್ಟಿಗೆಯಷ್ಟು ಗಟ್ಟಿ. ನಿಧಾನವಾಗಿ ಕೆರೆದು ಮೆತ್ತಗೆ ಮಾಡಿಕೊಂಡು ತಿನ್ನುವ ನಾಯಿಗೆ ಅದು ಒಗ್ಗಬಹುದು; ಕಟಕ್ಕನೆ ಕಡಿಯುವ ನಾಯಿಗೆ ಬೇಡ. ಬೆರಳುದ್ದಕ್ಕಿಂತ ಚಿಕ್ಕದಾದಾಗ ತೆಗೆದುಬಿಡಿ. ಆ ಚೂರನ್ನು ಮೈಕ್ರೋವೇವಿನಲ್ಲಿಟ್ಟರೆ ಅರಳಿನಂತೆ ಉಬ್ಬಿ ಗರಿಗರಿಯಾಗುತ್ತದೆ, ಆರಿಸಿ ಕೊಡಬಹುದು.

“ಮೂಳೆ ಇರೋದೇ ನಾಯಿಗೆ”

ಭಾನುವಾರದ ಬಾಡೂಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆ ನಾಯಿಗಲ್ಲದೆ ಇನ್ಯಾರಿಗೆ? ಈ ನಂಬಿಕೆಯನ್ನು ಅಲುಗಾಡಿಸುವುದು ಕಷ್ಟ, ಏಕೆಂದರೆ ಎದುರಿಗೆ ಸಾಕ್ಷಿ ನಿಂತಿರುತ್ತದೆ: “ಬೀದಿ ನಾಯಿಗಳು ದಿನಾ ಕೋಳಿ ಮೂಳೆ ತಿಂದು ಗಟ್ಟಿಮುಟ್ಟಾಗಿಲ್ವಾ?” ನಮ್ಮ ಕಣ್ಣಿಗೆ ಬೀಳುವುದು ಬದುಕಿ ಉಳಿದವು. ಕರುಳು ತೂತಾಗಿ ಚರಂಡಿಯ ಮೋರಿ ಕೆಳಗೆ ಹೋಗಿ ಮಲಗಿದ ನಾಯಿಗೆ ಏನಾಯಿತೆಂದು ಯಾರೂ ಹೊಟ್ಟೆ ಕೊಯ್ದು ನೋಡುವುದಿಲ್ಲ. ಬೇಯಿಸಿದ ಮೂಳೆ ತನ್ನ ಬಾಗುವ ಗುಣ ಕಳೆದುಕೊಂಡು ಚೂಪು ಚೂಪಾಗಿ ಸೀಳುತ್ತದೆ. ಅದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಚುಚ್ಚಬಹುದು. ನಳಿಮೂಳೆಯ ಬಳೆಯಂಥ ತುಂಡುಗಳಿಗೆ ಮತ್ತೊಂದು ಚಾಳಿಯಿದೆ: ಕೋರೆಹಲ್ಲು ದಾಟಿ ಕೆಳದವಡೆಗೆ ಉಂಗುರದಂತೆ ಸಿಕ್ಕಿಕೊಂಡು, ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಪ್ಯಾಕೆಟ್ಟಿನಲ್ಲಿ ಬಂದದ್ದು ಸುರಕ್ಷಿತ ಎಂದೂ ತಿಳಿಯಬೇಡಿ. ಅಂಗಡಿಯಲ್ಲಿ ಮಾರುವ, ಒಣಗಿಸಿದ, ಹೊಗೆ ಕೊಟ್ಟ ಮೂಳೆಗಳಿಂದ ನಾಯಿಗಳು ಕಾಯಿಲೆ ಬಿದ್ದ ಸುಮಾರು 68 ದೂರುಗಳು ಬಂದಿವೆ, ಸುಮಾರು 15 ನಾಯಿಗಳು ಸತ್ತಿವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತ್ತು. 2019ರಲ್ಲಿ ಅದೇ ದೇಶದಲ್ಲಿ ನಾಯಿಗೆ ಅಗಿಯಲು ಕೊಡುವ ಒಣ ಹಂದಿಕಿವಿಯ ಮೂಲಕ ಸಾಲ್ಮೊನೆಲ್ಲಾ ಹರಡಿ 34 ರಾಜ್ಯಗಳ 154 ಮಂದಿ ಕಾಯಿಲೆ ಬಿದ್ದರು. ನಾಯಿಗಳಲ್ಲ, ಮನುಷ್ಯರು. ಇಂಥದ್ದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳ ಕೈಗಂತೂ ಕೊಡಬೇಡಿ.

ಮೂಳೆಯ ಆಕಾರದಲ್ಲಿ ಗಂಟು ಹಾಕಿ ಮಾರುವ ಬಿಳಿಯ ‘ರಾಹೈಡ್’ ಮೂಳೆಯೂ ಅಲ್ಲ, ಒಣಮಾಂಸವೂ ಅಲ್ಲ, ಅದು ಚರ್ಮ. ಸುಣ್ಣದಂಥ ರಾಸಾಯನಿಕಗಳಲ್ಲಿ ನೆನೆಹಾಕಿ ಕೂದಲು ತೆಗೆದ ಚರ್ಮದಲ್ಲಿ, ಚಪ್ಪಲಿ, ಬೆಲ್ಟಿಗೆ ಮೇಲ್ಪದರ ಹೋದ ಮೇಲೆ ಉಳಿಯುವ ಒಳಪದರವನ್ನು ತೊಳೆದು, ಬಿಳುಪು ಮಾಡಿ, ಒಣಗಿಸಿ ಮಾಡಿದ್ದು. ಜೊಲ್ಲಿಗೆ ನೆನೆದು ಮೆತ್ತಗಾದ ದೊಡ್ಡ ತುಂಡನ್ನು ನಾಯಿ ನುಂಗಿತೆಂದರೆ ಅದು ನಿಧಾನವಾಗಿ ಕರಗುತ್ತದೆ, ಕೆಲವೊಮ್ಮೆ ಕರಗದೆ ಉಬ್ಬಿ ಅಡ್ಡ ಕೂರುತ್ತದೆ. ಗಬಗಬ ತಿನ್ನುವ ನಾಯಿಯಿರುವ ಮನೆಯಲ್ಲಿ ಇದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

“ಮೆತ್ತಗಿದ್ದರೆ ಅಪಾಯವಿಲ್ಲ”

ಗಟ್ಟಿಯದ್ದು ಹಲ್ಲಿಗೆ ಶತ್ರು, ಮೆತ್ತಗಿರುವುದು ಕರುಳಿಗೆ. ಹತ್ತಿ ತುಂಬಿದ ಗೊಂಬೆಯ ಗುಂಡಿಕಣ್ಣು, ಒಳಗಿನ ಕೀಚು ಕೀಚು ಪೀಪಿ, ಹತ್ತಿ ಎಲ್ಲವೂ ಹೊಟ್ಟೆಗೆ ಹೋಗಬಲ್ಲವು. ಆದರೆ ನನ್ನನ್ನು ಹೆಚ್ಚು ಹೆದರಿಸುವುದು ಹಗ್ಗದ ಆಟಿಕೆ. ಎಳೆದಾಡಲು ಅದು ಚೆನ್ನ. ನಾಯಿಯೊಂದಿಗೆ ಬಿಟ್ಟು ಹೋದಿರೋ, ಎಳೆ ಎಳೆಯಾಗಿ ಬಿಚ್ಚಿ ನುಂಗುತ್ತದೆ. ದಾರದ ಒಂದು ತುದಿ ಜಠರದ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುದಿ ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ಹೆಣಗಿದಷ್ಟೂ ತಾನೇ ದಾರದ ಮೇಲೆ ಹತ್ತಿ, ಲಾಡಿ ಎಳೆದ ಪೈಜಾಮದ ಸೊಂಟದಂತೆ ನೆರಿಗೆ ಕಟ್ಟುತ್ತದೆ. ಆಮೇಲೆ ಬಿಗಿದ ದಾರ ಗರಗಸದಂತೆ ಕರುಳನ್ನು ಕೊಯ್ಯುತ್ತದೆ. ಬಟ್ಟೆ, ದಾರ, ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಮೂಳೆಯ ಹಾಗೆ ಎದ್ದು ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗುತ್ತದೆ. ಮಗಳ ಕಾಲುಚೀಲ ಒಂದು ಜೊತೆ ತಪ್ಪಿದ್ದರೆ ಆ ಸುದ್ದಿಯನ್ನು ಡಾಕ್ಟರಿಗೆ ಹೇಳಿ. ಅವರಿಗೆ ಅದು ಅರ್ಧ ರೋಗಪತ್ತೆ.

ಹಳೇ ಚಪ್ಪಲಿ ಕೊಟ್ಟರೆ ಹೊಸದನ್ನು ಮುಟ್ಟುವುದಿಲ್ಲ ಎನ್ನುವವರಿಗೆ ಒಂದೇ ಮಾತು: ನಾಯಿ ಬಿಲ್ಲು ನೋಡಿ ಚಪ್ಪಲಿ ಕಚ್ಚುವುದಿಲ್ಲ.

“ಚೆಂಡಿಗಿಂತ ಒಳ್ಳೆ ಆಟಿಕೆ ಇನ್ನೇನಿದೆ?”

ಗಲ್ಲಿ ಕ್ರಿಕೆಟ್ಟಿನಲ್ಲಿ ಸವೆದ ಟೆನಿಸ್ ಚೆಂಡು ನಮ್ಮ ಬಹುತೇಕ ನಾಯಿಗಳ ಮೊದಲ ಆಟಿಕೆ. ಎಸೆದು ತರಿಸುವ ಆಟಕ್ಕೆ ಅಡ್ಡಿಯಿಲ್ಲ, ಕಚ್ಚಿಕೊಂಡು ಕೂರಲು ಕೊಡಬೇಡಿ. ಅದರ ಒರಟು ಹೊದಿಕೆಗೆ ಮಣ್ಣು ಮರಳು ಮೆತ್ತಿಕೊಂಡರೆ ಉಪ್ಪುಕಾಗದದಂತೆ ಹಲ್ಲನ್ನು ಸವೆಸುತ್ತದೆ. ಅಳತೆಯೂ ಮುಖ್ಯ. ಟೆನಿಸ್ ಚೆಂಡಿನ ಅಡ್ಡಳತೆ ಹೆಚ್ಚುಕಡಿಮೆ 6.7 ಸೆಂಟಿಮೀಟರ್. ಪಮೇರಿಯನ್‌ಗೆ ಅದು ಬಾಯಿಗೆ ಮೀರಿದ್ದು. ದೊಡ್ಡ ಲ್ಯಾಬ್ರಡಾರ್ ಅದನ್ನು ಅದುಮಿ ಗಂಟಲಿನವರೆಗೆ ತೆಗೆದುಕೊಂಡು ಹೋಗಬಲ್ಲುದು. ಜೊಲ್ಲಿನಲ್ಲಿ ಜಾರಿ ಅಲ್ಲಿ ಕೂತರೆ ಉಸಿರು ನಿಲ್ಲಲು ಕೆಲವೇ ನಿಮಿಷ ಸಾಕು. ಹಿಂದಿನ ದವಡೆ ಹಲ್ಲಿನವರೆಗೆ ಇಡಿಯಾಗಿ ಹೋಗುವ ಚೆಂಡು ಆ ನಾಯಿಗೆ ಚಿಕ್ಕದು, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ.

ತಿನಿಸು ತುಂಬುವ ರಬ್ಬರ್ ಆಟಿಕೆ ಕೊಳ್ಳುವಾಗ ತೂತು ಎಷ್ಟಿವೆ ನೋಡಿ. ಒಂದೇ ತೂತಿದ್ದರೆ ನಾಲಿಗೆ ಒಳಗೆ ಹೋಗಿ, ಗಾಳಿ ಹೊರಬಿದ್ದು, ಹೀರಿಕೊಂಡಂತಾಗಿ ಸಿಕ್ಕಿಬೀಳಬಹುದು. ನಾಲಿಗೆ ಊದಿಕೊಂಡರೆ ಬಿಡಿಸುವುದು ದುಸ್ತರ. ಎರಡು ತೂತಿದ್ದರೆ ಗಾಳಿಯಾಡುತ್ತದೆ. ಮೂರು ಗುಂಡುಗಳನ್ನು ಪೇರಿಸಿದಂತಿರುವ ‘ಕಾಂಗ್’ ಎಂಬ ಕೆಂಪು ಆಟಿಕೆಗೆ ಎರಡು ತೂತುಗಳಿವೆ. ಅದು ಹುಟ್ಟಿದ ಕತೆಯೂ ಹಲ್ಲಿನದ್ದೇ. 1970ರ ದಶಕದಲ್ಲಿ ಅಮೆರಿಕದ ಕೊಲರಾಡೊದ ಜೋ ಮಾರ್ಕಮ್ ಅವರ ಫ್ರಿಟ್ಜ್ ಎಂಬ ಜರ್ಮನ್ ಶೆಫರ್ಡ್ ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. ಫೋಕ್ಸ್‌ವ್ಯಾಗನ್ ಬಸ್ಸು ರಿಪೇರಿ ಮಾಡುತ್ತಿದ್ದ ಮಾರ್ಕಮ್ ಬಿಚ್ಚಿದ ಭಾಗಗಳನ್ನು ಫ್ರಿಟ್ಜ್‌ನತ್ತ ಎಸೆಯುತ್ತಿದ್ದಾಗ, ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದನ್ನು ನಾಯಿ ಬಿಡದೆ ಹಿಡಿಯಿತಂತೆ. ಆ ಆಕಾರವೇ ಮುಂದೆ ಆಟಿಕೆಯಾಯಿತು.

ಅಂದಹಾಗೆ, ಹುಲ್ಲಿನಲ್ಲಿ ಬಿದ್ದ ಕೆಂಪು ಚೆಂಡನ್ನು ನಾಯಿ ಹುಡುಕಲಾಗದೆ ಪರದಾಡಿದರೆ ಬೈಯಬೇಡಿ. ನಾಯಿಗೆ ಲೋಕ ಕಪ್ಪು ಬಿಳುಪು ಎಂಬುದು ಸುಳ್ಳು, ಆದರೆ ಚೆನ್ನಾಗಿ ಬೇರ್ಪಡಿಸಿ ಕಾಣುವುದು ನೀಲಿ ಮತ್ತು ಹಳದಿ. ಕೆಂಪು, ಹಸಿರುಗಳು ಹತ್ತಿರ ಹತ್ತಿರ ಒಂದೇ ಮಾಸಲು ಬಣ್ಣ. ಕೆಂಪು ಆಟಿಕೆ ಕಾಣುವುದು ಕೊಳ್ಳುವವರ ಕಣ್ಣಿಗೆ.

“ಐಎಸ್‌ಐ ಗುರುತಿದೆ, ಮಕ್ಕಳ ಆಟಿಕೆಯೇ ಸಾಕು”

2021ರ ಜನವರಿಯಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆ ನಿಯಮ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಸಂಬಂಧಿಸಿದ್ದು. ನಾಯಿಯ ಆಟಿಕೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಮಗುವಿನ ಗೊಂಬೆಯನ್ನು ಪರೀಕ್ಷಿಸುವವರು ಅದರ ಮೇಲೆ ನಾಯಿಯ ಕೋರೆಹಲ್ಲನ್ನು ಪ್ರಯೋಗಿಸಿ ನೋಡಿರುವುದಿಲ್ಲ. ಹಾಗಾಗಿ ‘ಹಾಳಾಗದು’ ಎಂದು ನಾಯಿಯ ಆಟಿಕೆಯ ಡಬ್ಬಿಯ ಮೇಲೆ ಬರೆದಿದ್ದರೂ ಅದು ಕಂಪನಿಯ ಮಾತು ಮಾತ್ರ. ಹಲ್ಲಿನ ಪಾಚಿ ಕಡಿಮೆ ಮಾಡುತ್ತದೆ ಎಂಬ ಮಾತಿಗಾದರೆ ಒಂದು ಒರೆಗಲ್ಲಿದೆ: ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್ ಎಂಬ ಸಂಸ್ಥೆ 1997ರಿಂದ ಪ್ರಯೋಗದ ದಾಖಲೆ ನೋಡಿ ಮುದ್ರೆ ಕೊಡುತ್ತಿದೆ.

ಹಾಗಾದರೆ ಏನು ಕೊಡುವುದು? ಅಗಿಯಲು ಕೊಡದೆ ಇರುವುದು ಪರಿಹಾರವಲ್ಲ. ಮೂರು ನಾಲ್ಕು ತಿಂಗಳಿಗೆ ಮರಿಯ 28 ಹಾಲುಹಲ್ಲುಗಳು ಉದುರತೊಡಗಿದಾಗ ಒಸಡು ಕಡಿತ ತಡೆಯಲಾಗದೆ ಅದು ಮೇಜಿನ ಕಾಲನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ನಡೆಯುವ ಉಪಾಯ ಹೇಳುತ್ತೇನೆ. ಎರಡು ತೂತಿನ, ಉಗುರು ಒತ್ತಿದರೆ ತಗ್ಗುವ ರಬ್ಬರ್ ಆಟಿಕೆಗೆ ಉಪ್ಪಿಲ್ಲದ ರಾಗಿಮುದ್ದೆಯನ್ನು ಮೊಸರಿನಲ್ಲಿ ಕಿವುಚಿ ತುಂಬಿ ಫ್ರೀಜರಿನಲ್ಲಿಡುತ್ತೇವೆ. ಕೆಂಚನಿಗೆ ಅದು ಅರ್ಧ ಗಂಟೆಯ ಕೆಲಸ. ಕಡಲೆಕಾಯಿ ಬೆಣ್ಣೆ ಸವರುವವರು ಡಬ್ಬಿಯಲ್ಲಿ ‘ಕ್ಸೈಲಿಟಾಲ್’ ಇದೆಯೇ ಎಂದು ಓದಿ. ಈ ಸಕ್ಕರೆಯ ಬದಲಿ ನಮಗೆ ನಿರಪಾಯ, ನಾಯಿಗೆ ಮಾತ್ರ ರಕ್ತದ ಸಕ್ಕರೆಯನ್ನು ಒಮ್ಮೆಗೇ ಇಳಿಸುವ ವಿಷ. ವಾಟೆ, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ತೆಂಗಿನ ಕರಟ ಇವುಗಳನ್ನು ಆಟಕ್ಕೂ ಕೊಡಬೇಡಿ. ಕೊಟ್ಟ ಯಾವುದೇ ವಸ್ತುವಿನಿಂದ ಚೂರು ಕಿತ್ತು ಬಂದ ದಿನ ಅದನ್ನು ಕಸಕ್ಕೆ ಹಾಕಿ, ದುಡ್ಡಿನ ಮುಖ ನೋಡಬೇಡಿ.

ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ತಿಣುಕಿದರೂ ಮಲ ಬಾರದಿರುವುದು, ಪಂಜದಿಂದ ಬಾಯಿ ಕೆರೆದುಕೊಳ್ಳುವುದು ಕಂಡರೆ ನಾಳೆಯವರೆಗೆ ಕಾಯದೆ ಹೊರಡಿ. ಬಾಯಿಂದಲೋ ಗುದದಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ. ಒಳಗೆ ಕರುಳು ಕೊಯ್ದುಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ.

ಕೆಂಚ ಈಗ ಚೆನ್ನಾಗಿದ್ದಾನೆ. ಮಾವಿನ ಕಾಲದಲ್ಲಿ ನಮ್ಮ ಹಿತ್ತಿಲಲ್ಲಿ ವಾಟೆ ಹಾಕಲು ಮುಚ್ಚಳವಿರುವ ಬಕೆಟ್ ಇಟ್ಟಿರುತ್ತೇವೆ, ಮುಚ್ಚಳದ ಮೇಲೊಂದು ಇಟ್ಟಿಗೆ.