ಹೊಡೆಯೋ ಗಂಡನ ಜೊತೆ ಇರಲೇಬೇಕಾ?

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯ್ ಚರ್ಚ್ ನೋಡಿ ಬರ್ತಾ ಗೆಳತಿ ಕೇಳಿದ್ಳು: "ಗಂಡ ಹೊಡೆದ್ರೂ ಕ್ಯಾಥೊಲಿಕರು ಬಿಡೋ ಹಾಗಿಲ್ವಾ?" ಉತ್ತರ ಹುಡುಕಿದೆ.

ಮದುವೆ ಮನುಷ್ಯರು ಬಿಚ್ಚೋ ಗಂಟಲ್ಲ ಅನ್ನೋದು ಯೇಸುವಿನ ಬೋಧನೆ. ಆ ಕಾಲದಲ್ಲಿ ಗಂಡ ಒಂದು ಪತ್ರ ಬರೆದುಕೊಟ್ಟು ಹೆಂಡತಿಯನ್ನು ಕಳಿಸಿಬಿಡಬಹುದಿತ್ತು; ಆ ಮಾತು ಮೊದಲು ಕಟ್ಟಿಹಾಕಿದ್ದು ಗಂಡಸರನ್ನೇ.

ಏಟು ತಿನ್ನುತ್ತಾ ಜೊತೆಯಲ್ಲೇ ಇರು ಅಂತ ಚರ್ಚ್ ನಿಯಮ ಹೇಳಲ್ಲ. ಅಪಾಯವಿದ್ರೆ ಬೇರೆ ಇರಬಹುದು. ಗಂಡ ಬದುಕಿರುವಾಗ ಮತ್ತೆ ಮದುವೆಯಾಗೋಕೆ ಮಾತ್ರ, ಮೊದಲನೆಯದು ಶುರುವಿನಿಂದಲೇ ಅಸಿಂಧು (ಉದಾಹರಣೆಗೆ, ಬಲವಂತದ ಒಪ್ಪಿಗೆ) ಅಂತ ಚರ್ಚ್ ನ್ಯಾಯಮಂಡಳಿ ತೀರ್ಮಾನಿಸಬೇಕು.

ಆ ತೀರ್ಮಾನ ಕಾನೂನಿನ ಡಿವೋರ್ಸ್ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೋರ್ಟಿಗೂ ಹೋಗಬೇಕು. 1869ರ ಕಾಯ್ದೆಯಲ್ಲಿ ಹೆಂಡತಿ ಕ್ರೌರ್ಯದ ಜೊತೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. 2001ರ ತಿದ್ದುಪಡಿಯಿಂದ ಕ್ರೌರ್ಯವೊಂದೇ ಸಾಕು.

ಜೀವ ಉಳಿಸಿಕೊಳ್ಳೋಕೆ ಮನೆ ಬಿಟ್ಟು ಬಂದವಳು ಬೋಧನೆ ಮುರಿದಿಲ್ಲ.