ಕೋವಿಡ್ ವಾಸಿಯಾದೊಡನೆ ಹಡಗಿನ ಪ್ರವಾಸವೇ?

ಕೋವಿಡ್ ಜ್ವರ ಬಿಟ್ಟಿದೆ. ಮೊದಲೇ ಹಣ ಕಟ್ಟಿದ ಹಡಗಿನ ಪ್ರವಾಸಕ್ಕೆ ಹೊರಡಬಹುದೇ? ಜ್ವರ ಬಿಡುವುದು ಬೇರೆ, ಶಕ್ತಿ ಮರಳುವುದು ಬೇರೆ. ಔಷಧಿಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೂ, ಮುಂದಿನ 5 ದಿನ ಇತರರಿಗೆ ಸೋಂಕು ಹರಡುವ ಸಂಭವ ಉಂಟು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ತಡೆಹಿಡಿದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿದ್ದ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತ್ತು.

ಹಡಗಿನಲ್ಲಿ ವೈದ್ಯರಿದ್ದರೂ ದೊಡ್ಡ ಆಸ್ಪತ್ರೆಯ ಸೌಲಭ್ಯವಿರದು. ನಡುಗಡಲಿನಲ್ಲಿ ಉಸಿರಾಟದ ತೊಂದರೆಯಾದರೆ ದಡ ಸೇರುವವರೆಗೆ ಕಾಯಬೇಕಾದೀತು. ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು ಅಥವಾ ತಲೆಸುತ್ತು ಕಾಣಿಸಿದರೆ ಪ್ರವಾಸ ಮುಂದೂಡಿ, ತಕ್ಷಣ ವೈದ್ಯರನ್ನು ಕಾಣಿರಿ. ವಯಸ್ಸಾದವರು, ಹೃದ್ರೋಗ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆದೇ ಹೊರಡಲಿ. ನಿತ್ಯದ ಮಾತ್ರೆಗಳು ಕೆಲವು ದಿನಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿರಲಿ.