ಬೇಕಲ ಕೋಟೆಗೆ ಕಾನೂನಿನ ಕಾವಲಿದೆ, ಕೆಜಿಎಫ್ ಶಾಫ್ಟ್‌ಗಳಿಗೆ ಯಾಕಿಲ್ಲ?

ಮಣಿರತ್ನಂ ಅವರ ‘ಬಾಂಬೆ’ ಸಿನಿಮಾದಲ್ಲಿ ಸಮುದ್ರದಂಚಿನ ಕೋಟೆಯ ಮೇಲೆ ಒಂದು ಹಾಡಿದೆಯಲ್ಲ, ಅದು ಕಾಸರಗೋಡಿನ ಬೇಕಲ ಕೋಟೆ. ಯಶ್ ಅವರ ‘ಕೆಜಿಎಫ್’ನಲ್ಲಿ ಕಾಣುವ ಬೋಳು ದಿಬ್ಬಗಳು ನಮ್ಮ ಸೈನೈಡ್ ದಿಬ್ಬಗಳು. ಎರಡೂ ಜಾಗವನ್ನು ಸಿನಿಮಾ ಫೇಮಸ್ ಮಾಡಿತು. ಆದರೆ ಬೇಕಲದ ಗೋಡೆ ಒಡೆದರೆ ಎರಡು ವರ್ಷದವರೆಗೆ ಜೈಲಾಗಬಹುದು. ಕೆಜಿಎಫ್‌ನ ಗಣಿ ಗೋಪುರಕ್ಕೆ ಅಂಥ ಕಾವಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು?

ಕಲ್ಲಿನ ಲೆಕ್ಕ

ಬೇಕಲ ಕೋಟೆಯನ್ನು 17ನೇ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ. ಸುಮಾರು 40 ಎಕರೆ ವಿಸ್ತಾರ, ಪೂರ್ತಿ ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಗೋಡೆಯ ಕಿಂಡಿಗಳಲ್ಲಿ ಮೂರು ಹಂತ: ಮೇಲಿನದು ದೂರದ ಶತ್ರುವಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಅಲಂಕಾರ ಕಡಿಮೆ, ಲೆಕ್ಕಾಚಾರ ಜಾಸ್ತಿ.

ಉಕ್ಕಿನ ಲೆಕ್ಕ

ಈಗ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. ಗಣಿಗಾಗಿಯೇ 1894ರಲ್ಲಿ ಶುರುವಾದ ಲೈನ್ ಅದು. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಅಂತ ಸ್ಟೇಷನ್ ದಾಟುವಾಗ ಶಾಫ್ಟ್‌ಗಳ ಮೇಲೆ ನಿಂತ ಉಕ್ಕಿನ ಚೌಕಟ್ಟು ಕಣ್ಣಿಗೆ ಬೀಳುತ್ತದೆ. ಅದೇ ಹೆಡ್‌ಗೇರ್. ತುದಿಯಲ್ಲಿ ದೊಡ್ಡ ಗಾಲಿ, ಗಾಲಿಯ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ಜನ ಇಳಿಯುವ ಕೇಜ್, ಇನ್ನೊಂದು ತುದಿ ವೈಂಡರ್ ಯಂತ್ರಕ್ಕೆ. ಹಗ್ಗ ಓರೆಯಾಗಿ ಎಳೆಯುವುದರಿಂದ ಗೋಪುರದ ಎರಡು ಕಾಲು ಯಂತ್ರದ ಕಡೆಗೆ ಓರೆಯಾಗಿ ಊರಿರುತ್ತವೆ. ಮೆಕ್ಯಾನಿಕ್ಸ್ ಕ್ಲಾಸಲ್ಲಿ ಬೋರ್ಡ್ ಮೇಲೆ ಬಿಡಿಸಿದ ಬಾಣದ ಗುರುತುಗಳು ಇಲ್ಲಿ ನಿಜವಾಗಿ ನಿಂತಿವೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಯ ಹೊಣೆ ಹೊತ್ತಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅದೇ ಗಣಿಯ ಒಡಲಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪ್ ನಿಂತಿತು, ಸುರಂಗಗಳಿಗೆ ನೀರು ತುಂಬಿತು.

ಕಾನೂನು ಏನನ್ನು ನೋಡುತ್ತದೆ?

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು, ಚಾರಿತ್ರಿಕ ಮಹತ್ವ ಇರಬೇಕು, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅರಮನೆ, ದೇವಸ್ಥಾನ ಮಾತ್ರ ಅಂತ ಕಾಯ್ದೆ ಎಲ್ಲೂ ಹೇಳಲ್ಲ. ಟೇಲರ್ ಕಾಲದ ಎಷ್ಟೋ ಕಟ್ಟಡಗಳು ನೂರು ದಾಟಿವೆ. ಆದರೂ ಕೋಲಾರ ಜಿಲ್ಲೆಯಲ್ಲಿ ಪುರಾತತ್ವ ಇಲಾಖೆಯ ಕಾವಲು ಸಿಕ್ಕಿರುವುದು ಕೋಲಾರಮ್ಮ, ಸೋಮೇಶ್ವರ, ಆವನಿಯ ರಾಮಲಿಂಗೇಶ್ವರದಂಥ ದೇವಾಲಯಗಳಿಗೆ. ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಪಟ್ಟ ಇದೆ. ಅಂದರೆ ದೇವರ ಕಲ್ಲಿಗೆ ಬೆಲೆ ಇದೆ, ಭೂಮಿಯ ಕಲ್ಲಿಗೂ ಇದೆ. ಆ ಕಲ್ಲನ್ನು ಕೊರೆದವರ ಕೆಲಸಕ್ಕೆ ಇಲ್ಲ.

ಕೊರೆದವರು ಯಾರು? ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಕಲ್ಲು ಸಿಡಿದು ಸತ್ತವರು, ದೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡವರು. ಯಾವುದು ಪರಂಪರೆ ಅಂತ ತೀರ್ಮಾನಿಸುವ ಕುರ್ಚಿಯಲ್ಲಿ ಅವರು ಕೂತಿರಲಿಲ್ಲ.

ಇನ್ನೊಂದು ಸರಳ ಕಾರಣವೂ ಇದೆ. ಮುರಕಲ್ಲಿಗೆ ಗುಜರಿ ಅಂಗಡಿಯಲ್ಲಿ ರೇಟಿಲ್ಲ, ಉಕ್ಕಿಗೆ ಇದೆ. ಗಣಿ ಕಂಪನಿ ಬಿಜಿಎಂಎಲ್ ಇರುವುದು ಕೇಂದ್ರ ಗಣಿ ಸಚಿವಾಲಯದ ಕೈಯಲ್ಲಿ, ಪುರಾತತ್ವ ಇಲಾಖೆ ಇರುವುದು ಕೇಂದ್ರ ಸಂಸ್ಕೃತಿ ಸಚಿವಾಲಯದ ಕೈಯಲ್ಲಿ. ಮಾರುವವರೂ ಕಾಯಬೇಕಾದವರೂ ಒಂದೇ ಸರ್ಕಾರ. 2024ರಲ್ಲಿ ರಾಜ್ಯ ಸಂಪುಟ 13 ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಚರ್ಚೆಯಾಗಿದ್ದು ಚಿನ್ನ, ಉದ್ಯೋಗದ ಬಗ್ಗೆ. ಏನನ್ನು ಉಳಿಸಿಕೊಳ್ಳಬೇಕು ಅನ್ನುವುದು ಚರ್ಚೆಗೇ ಬರಲಿಲ್ಲ.

ಹಾಗಾದರೆ ಬೇಕಲದ ಮಾದರಿ ಸಾಕಾ?

ಸಾಲದು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ರಿಪೇರಿಗೂ ಪರ್ಮಿಷನ್ ಬೇಕು. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಬೇಕಲದ ಒಂದು ಬದಿಗೆ ಸಮುದ್ರ, ಅಲ್ಲಿ ಇದು ನಡೆಯುತ್ತೆ. ಕೆಜಿಎಫ್‌ನಲ್ಲಿ ಶಾಫ್ಟ್ ಪಕ್ಕದಲ್ಲೇ ಗಣಿ ಲೈನ್‌ಗಳಿವೆ, ಜನ ವಾಸ ಇದ್ದಾರೆ. ಮನೆಯ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರಿಗೆ, ಶೌಚಾಲಯ ಕಟ್ಟೋಕೂ ದೆಹಲಿಯ ಕಡೆ ನೋಡಿ ಅನ್ನುವುದು ಇನ್ನೊಂದು ಅನ್ಯಾಯ.

ಬೇರೆ ದಾರಿ ಇದೆ. ಜರ್ಮನಿಯ ಎಸೆನ್‌ನಲ್ಲಿರುವ ಜೋಲ್‌ಫೆರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿತು. ಕೆಡವುವ ಬದಲು ಅಲ್ಲಿನ ರಾಜ್ಯ ಸರ್ಕಾರ ಜಾಗವನ್ನು ಕೊಂಡುಕೊಂಡಿತು. ಈಗ ಅಲ್ಲಿ ಮ್ಯೂಸಿಯಂ ಇದೆ. ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು 2001ರಲ್ಲಿ, ಕೆಜಿಎಫ್‌ಗೆ ಬೀಗ ಬಿದ್ದ ವರ್ಷವೇ. ಟೇಲರ್ ಕಂಪನಿಯ ಜೊತೆ ಇಲ್ಲಿಗೆ ಬಂದ ಗಣಿಗಾರರ ಊರು ಕಾರ್ನ್‌ವಾಲ್‌ಗೂ 2006ರಲ್ಲಿ ಅದೇ ಮನ್ನಣೆ ಸಿಕ್ಕಿತು. ಅವರ ಗಣಿ ಪರಂಪರೆ, ನಮ್ಮದು ಗುಜರಿ!

ಕೇಳಬೇಕಾದ್ದು ಮೂರೇ. ಟೆಂಡರ್ ಕರೆಯುವ ಮೊದಲು ಹೆಡ್‌ಗೇರ್, ವೈಂಡರ್ ಮನೆ, ಗಣಿ ಲೈನ್‌ಗಳ ಪಟ್ಟಿ ಆಗಲಿ. ಉಳಿಸಬೇಕಾದ್ದನ್ನು ಟೆಂಡರ್ ಷರತ್ತಿನಲ್ಲೇ ಬರೆಯಲಿ. ಪಟ್ಟಿ ಮಾಡುವ ಸಮಿತಿಯಲ್ಲಿ ಕೇಜ್ ಹತ್ತಿ ಕೆಳಗಿಳಿದ ಕಾರ್ಮಿಕರು ಇರಲಿ. ಯಾವ ಗಾಲಿ ಯಾತಕ್ಕೆ ತಿರುಗುತ್ತಿತ್ತು ಅಂತ ಹೇಳಬಲ್ಲವರಿಗೆ ವಯಸ್ಸಾಗುತ್ತಿದೆ. ಕೋಟೆ ಇನ್ನೂ ನೂರು ವರ್ಷ ಕಾಯಬಹುದು, ತುಕ್ಕು ಕಾಯಲ್ಲ.